ಕಳೆಯ ಅಂಚಿನಲ್ಲಿ ಬಾಸ್ ಮೀನು: ಪ್ರತಿ ಎಸೆತಕ್ಕೂ ಹುಲ್ಲೇ ಬರುತ್ತಿದೆ, ಏನು ಮಾಡಲಿ?

ದಂಡೆಗಾರ:
ನಮಸ್ಕಾರ. ನಾನು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿದ್ದೇನೆ. ಬಾಸ್ ಹಿಡಿಯಲು ಗಂಟರ್ಸ್‌ವಿಲ್ ಜಲಾಶಯಕ್ಕೆ ಹೋಗುತ್ತೇನೆ. ಬೇಸಿಗೆಯಲ್ಲಿ ಅಲ್ಲಿ ಹೈಡ್ರಿಲ್ಲಾ, ಮಿಲ್‌ಫಾಯಿಲ್ ಎಂಬ ನೀರಿನ ಕಳೆಗಳು ಬೆಳೆದು ನೀರಿನ ಮೇಲೆಲ್ಲ ಹಾಸಿಕೊಳ್ಳುತ್ತವೆ. ದೋಣಿಯನ್ನು ಹೊರಗೆ ನಿಲ್ಲಿಸಿ, ಕಳೆಯ ಕಡೆಗೆ ಎಸೆದು ಎಳೆಯುತ್ತೇನೆ. ಕ್ರ್ಯಾಂಕ್‌ಬೈಟ್ (ಮೂರು ಮುಳ್ಳಿನ ಕೊಕ್ಕೆಗಳಿರುವ ಗಟ್ಟಿ ನಕಲಿ ಮೀನು) ಹಾಕಿದರೆ ಕೊಕ್ಕೆಗೆ ಹಿಡಿ ಹುಲ್ಲು ಸುತ್ತಿಕೊಂಡು ಬರುತ್ತದೆ. ರಬ್ಬರ್ ಕಪ್ಪೆ ಹಾಕಿದರೆ ಹುಲ್ಲಿನ ಕಾಟವಿಲ್ಲ, ಮೀನು ಬಂದು ಹೊಡೆಯುತ್ತದೆ, ಆದರೆ ಕೊಕ್ಕೆಗೆ ಸಿಕ್ಕುವುದಿಲ್ಲ. 7 ಅಡಿಯ ಮೀಡಿಯಂ ಕೋಲು, 12 ಪೌಂಡ್ ಎಳೆತ ತಡೆಯುವ ಮೊನೊ (ಒಂಟಿ ಎಳೆಯ ನೈಲಾನ್) ದಾರ ಬಳಸುತ್ತಿದ್ದೇನೆ. ಎಲ್ಲಿಗೆ ಎಸೆಯಬೇಕು?

ಹಳೆಗಾಳ:
ನಿಮ್ಮ ಲೂರ್‌ಗಿಂತ (ನಕಲಿ ಎರೆಗಿಂತ) ಮೊದಲು ದೋಣಿ ನಿಲ್ಲುವ ಜಾಗ ಬದಲಾಗಬೇಕು. ಹೊರಗಿನಿಂದ ಕಳೆಗೆ ನೇರವಾಗಿ ಎಸೆದಾಗ ಲೂರ್ ಮೀನಿನ ಮುಂದೆ ಇರುವುದು ಮೊದಲ ಕೆಲವು ಅಡಿ ಮಾತ್ರ. ಆಮೇಲೆಲ್ಲ ಖಾಲಿ ನೀರು. ದೋಣಿಯನ್ನು ಕಳೆಯ ಹತ್ತಿರಕ್ಕೆ ತಂದು, ಅಂಚಿನ ಉದ್ದಕ್ಕೂ, ಅದರಿಂದ ಒಂದು ಮಾರು ದೂರದಲ್ಲಿ ಲೂರ್ ಓಡುವಂತೆ ಎಸೆಯಿರಿ. ಆಗ ಎಸೆತದ ಪೂರ್ತಿ ಉದ್ದವೂ ಮೀನಿರುವ ಜಾಗದಲ್ಲೇ ಹಾದು ಬರುತ್ತದೆ.

ಕಣ್ಣಿಗೆ ಕಾಣುವ ಹಾಸು ಮುಗಿದಲ್ಲಿ ಕಳೆ ಮುಗಿಯಿತು ಎಂದುಕೊಳ್ಳಬೇಡಿ. ನೀರಿನೊಳಗೆ ಅದು ಇನ್ನೂ ಹಲವು ಅಡಿ ಮುಂದಕ್ಕೆ ಚಾಚಿರುತ್ತದೆ. ಪೋಲರಾಯ್ಡ್ ಕನ್ನಡಕ ಹಾಕಿ ನೋಡಿ, ಸೋನಾರ್ ಇದ್ದರೆ ಆಳ ನೋಡುತ್ತ ಹೋಗಿ. 1939ರಲ್ಲಿ ಟೆನ್ನೆಸೀ ನದಿಯ ಈ ಅಣೆಕಟ್ಟು ಮುಗಿದಾಗ ಮುಳುಗಿದ ಹಳ್ಳಗಳು ಇಂದಿಗೂ ತಳದಲ್ಲಿವೆ. ಹಳ್ಳದ ಏರಿಯಲ್ಲಿ ಆಳ ಥಟ್ಟನೆ ಹೆಚ್ಚುತ್ತದೆ, ಬೆಳಕು ಸಾಲದೆ ಕಳೆ ಅಲ್ಲಿಗೆ ನಿಲ್ಲುತ್ತದೆ. ನಿಮಗೆ ಬೇಕಾದ ಅಂಚು ಅದು. ಅದರಲ್ಲೂ ಕಳೆ ಮೂಗಿನಂತೆ ಹೊರಚಾಚಿದ ಕಡೆ, ಒಳಕ್ಕೆ ಸರಿದು ಗೂಡಾದ ಕಡೆ, ಎರಡು ಜಾತಿಯ ಕಳೆ ಕೂಡುವ ಕಡೆ ನಿಧಾನಿಸಿ. ನೇರ ಗೋಡೆಯಂಥ ಅಂಚಿನಲ್ಲಿ ಹೊತ್ತು ಕಳೆಯಬೇಡಿ.

ಜಲಕಳೆ:
ಹಳೆಗಾಳ ಅವರು ಹೇಳಿದ್ದು ಸರಿ. ಕಳೆ ಯಾವುದೆಂದು ತಿಳಿಯುವುದೂ ಮುಖ್ಯ. ಹೈಡ್ರಿಲ್ಲಾ ನಮಗೆ ಹೊಸದೇನಲ್ಲ. ಶಾಲೆಯ ಪ್ರಯೋಗಾಲಯದಲ್ಲಿ ಆಲಿಕೆಯ ಕೆಳಗಿಟ್ಟು ಆಮ್ಲಜನಕದ ಗುಳ್ಳೆ ನೋಡಿದ್ದು ಇದೇ ಗಿಡದಲ್ಲಿ. ಎಲೆಯಂಚು ಬೆರಳಿಗೆ ಗರಗಸದಂತೆ ತರಿತರಿ ತಾಗುತ್ತದೆ, ಕಾಂಡ ಚಟಕ್ಕನೆ ಮುರಿಯುತ್ತದೆ. ಮಿಲ್‌ಫಾಯಿಲ್ ಕೂಡ ಹಾಗೆಯೇ ಮುರಿಯುತ್ತದೆ. ಇವುಗಳ ತುದಿಗೆ ಲೂರ್ ತಗುಲಿತು ಎಂದು ಗೊತ್ತಾದ ತಕ್ಷಣ ಎಳೆಯುತ್ತ ಬರಬೇಡಿ. ಕೋಲನ್ನು ಒಮ್ಮೆ ಜೋರಾಗಿ ಝಾಡಿಸಿ. ಹುಲ್ಲು ಹರಿದು ಲೂರ್ ಚಿಮ್ಮುವ ಆ ಕ್ಷಣದಲ್ಲೇ ಬಾಸ್ ಎರಗುವುದು ಹೆಚ್ಚು. ವಸಂತದ ಆರಂಭದಲ್ಲಿ, ಕಳೆ ಇನ್ನೂ ಗಿಡ್ಡವಿದ್ದಾಗ, ಗಿಲಕಿ ಸದ್ದಿನ ಕೆಂಪು ಲೂರ್‌ಗೆ ಇದು ಅದ್ಭುತ ವಿಧಾನ.

ಈಲ್‌ಗ್ರಾಸ್ ಬೇರೆ. ಪಟ್ಟಿಯಂಥ ಉದ್ದ ಎಲೆ, ಹರಿಯುವುದಿಲ್ಲ, ಸುತ್ತಿಕೊಳ್ಳುತ್ತದೆ. ಅಲ್ಲಿ ಮೂರು ಮುಳ್ಳಿನ ಕೊಕ್ಕೆ ಬೇಡವೇ ಬೇಡ; ಕೊಕ್ಕೆಯ ತುದಿ ರಬ್ಬರ್ ಹುಳುವಿನೊಳಗೆ ಅಡಗಿರುವ ಟೆಕ್ಸಾಸ್ ರಿಗ್ ಹಾಕಿ.

ದಂಡೆಗಾರ:
ತುಂಬಾ ಉಪಕಾರವಾಯಿತು. ಹೋದ ವಾರ ಅಂಚಿನುದ್ದಕ್ಕೂ ಎಸೆದೆ. ಹುಲ್ಲು ಬಹಳ ಕಡಿಮೆಯಾಯಿತು, ಹೊರಚಾಚಿದ ಮೂಲೆಯಲ್ಲಿ ಮೀನೂ ಸಿಕ್ಕಿತು. ಕಪ್ಪೆಯ ತೊಂದರೆ ಮಾತ್ರ ಹಾಗೆಯೇ ಇದೆ. ನಡು ಮಧ್ಯಾಹ್ನ ಅಂಚಿನಲ್ಲೂ ಏನೂ ಇರುವುದಿಲ್ಲ.

ಹಳೆಗಾಳ:
ಕಪ್ಪೆಗೆ ಆ ದಾರ, ಆ ಕೋಲು ಸಾಲುವುದಿಲ್ಲ. ಮೊನೊ ಹಿಗ್ಗುತ್ತದೆ, ನೀವು ಎಳೆದ ಬಲ ಕೊಕ್ಕೆಗೆ ತಲುಪುವುದೇ ಇಲ್ಲ. 50ರಿಂದ 65 ಪೌಂಡಿನ ಬ್ರೇಡ್ (ಹಲವು ಎಳೆ ಹೆಣೆದ, ಹಿಗ್ಗದ) ದಾರ ಮತ್ತು ಹೆವಿ ಕೋಲು ತೆಗೆದುಕೊಳ್ಳಿ. ಬ್ರೇಡ್ ಕಳೆಯನ್ನು ಕೊಯ್ದುಕೊಂಡೂ ಬರುತ್ತದೆ. ಹಾಸಿನಲ್ಲಿರುವ ಕಿಂಡಿಯ ಆಚೆಗೆ ಎಸೆದು, ಕಪ್ಪೆಯನ್ನು ಕಿಂಡಿಯವರೆಗೆ ನಡೆಸಿ ತಂದು, ಅಲ್ಲಿ ನಿಲ್ಲಿಸಿ. ನೀರು ಸಿಡಿದಾಗ ಎಳೆಯಬೇಡಿ. ದಾರದಲ್ಲಿ ಮೀನಿನ ತೂಕ ಸಿಕ್ಕ ಮೇಲೆ ಎಳೆಯಿರಿ.

ಮಧ್ಯಾಹ್ನ ಬಿಸಿಲಿಗೆ ಬಾಸ್ ದಟ್ಟ ಹಾಸಿನ ನೆರಳಿಗೆ ಸರಿಯುತ್ತದೆ. ಆಗ ದೂರ ಎಸೆಯುವ ಕೆಲಸವೇ ಇಲ್ಲ. 1ರಿಂದ 1.5 ಔನ್ಸ್‌ನ ಟಂಗ್‌ಸ್ಟನ್ ಗುಂಡು, ಅದರ ಕೆಳಗೆ ಸಣ್ಣ ರಬ್ಬರ್ ಏಡಿ ಕಟ್ಟಿ, ದೋಣಿಯ ಪಕ್ಕದಿಂದಲೇ ಹಾಸನ್ನು ತೂತು ಮಾಡಿ ಇಳಿಸಿ. ಮೀನು ಕಚ್ಚುವುದು ಸಾಮಾನ್ಯವಾಗಿ ಅದು ಇಳಿಯುವಾಗ. ತಳ ಮುಟ್ಟಿದ ಮೇಲೆ ಒಂದೆರಡು ಸಲ ಎತ್ತಿ ನೋಡಿ, ಏನೂ ಆಗದಿದ್ದರೆ ಮೇಲೆಳೆದು ಮುಂದಿನ ಜಾಗಕ್ಕೆ ಹೋಗಿ.

ಜಲಕಳೆ:
ದಡಕ್ಕೆ ಬಂದಾಗ ಟ್ರೇಲರ್, ಮೋಟಾರಿಗೆ ಸುತ್ತಿದ ಹುಲ್ಲನ್ನೆಲ್ಲ ಅಲ್ಲೇ ಕಿತ್ತು ಹಾಕಿ. ಮಿಲ್‌ಫಾಯಿಲ್, ಹೈಡ್ರಿಲ್ಲಾ ಎರಡೂ ಮುರಿದ ತುಂಡಿನಿಂದಲೇ ಬೇರು ಬಿಡುತ್ತವೆ. ಇನ್ನೊಂದು ಕೆರೆಗೆ ಒಯ್ದರೆ ಅಲ್ಲೂ ಹಬ್ಬುತ್ತವೆ.