ಶ್ರೀಲಂಕಾ ಸುತ್ತಾಟ: ರೈಲೋ, ಬಸ್ಸೋ, ಕಾರೋ?

ಅಮ್ಮನನ್ನು ಕರೆದುಕೊಂಡು ಎಂಟು ದಿನಗಳ ಮಟ್ಟಿಗೆ ಶ್ರೀಲಂಕಾಕ್ಕೆ ಹೊರಟಿದ್ದೇನೆ. ಕೊಲಂಬೊ, ಕ್ಯಾಂಡಿ, ಎಲ್ಲಾ (ಊರಿನ ಹೆಸರೇ ಅದು), ಕೊನೆಗೆ ಗಾಲೆ. ಅಮ್ಮನಿಗೆ ಮಂಡಿನೋವು. ಪೂರ್ತಿ ಕಾರನ್ನೇ ಗೊತ್ತು ಮಾಡಿಕೊಳ್ಳಬೇಕೇ? ಹೋಗಿಬಂದವರು ಹೇಳಿ.

— ಎಂಟೂ ದಿನ ಕಾರು ಬೇಡ. ಕ್ಯಾಂಡಿಯಿಂದ ಎಲ್ಲಾಕ್ಕೆ ರೈಲಿನಲ್ಲೇ ಹೋಗಿ. ಆರೇಳು ಗಂಟೆ ಹಿಡಿಯುತ್ತದೆ, ಚಹಾ ತೋಟಗಳ ನಡುವೆ ತೆವಳುತ್ತಾ ಬೆಟ್ಟ ಏರುತ್ತದೆ. ಕಾದಿರಿಸುವ ಆಸನಗಳು 30 ದಿನ ಮೊದಲು ಮಾರಾಟಕ್ಕೆ ಬರುತ್ತವೆ, ಬಂದಷ್ಟೇ ಬೇಗ ಮುಗಿಯುತ್ತವೆ. ಸಿಗದಿದ್ದರೆ ಆ ದಿನವೇ ನಿಲ್ದಾಣದಲ್ಲಿ ಸಾಮಾನ್ಯ ಟಿಕೆಟ್ ಕೊಡುತ್ತಾರೆ. ನಾನು ಹಾಗೆ ಹತ್ತಿ, ‘ನಾನುಓಯ’ ಎಂಬ ನಿಲ್ದಾಣದವರೆಗೂ ಶೌಚಾಲಯದ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಯಾರಾದರೂ ಒಳಗೆ ಹೋಗಬೇಕೆಂದಾಗಲೆಲ್ಲ ಚೀಲ ತಲೆಯ ಮೇಲೆ. ಅಮ್ಮನಿಗೆ ಆ ಪಾಡು ಬೇಡ. ಹಾಗೆಂದು ಹವಾನಿಯಂತ್ರಿತ ಮೊದಲ ದರ್ಜೆಗೂ ಆಸೆಪಡಬೇಡಿ, ಅದರ ಕಿಟಕಿ ತೆರೆಯುವುದಿಲ್ಲ. ಎರಡನೆಯ ದರ್ಜೆಯ ಕಾದಿರಿಸಿದ ಆಸನವೇ ವಾಸಿ. ಮಳೆಗಾಲದಲ್ಲಿ ಗುಡ್ಡ ಕುಸಿದು ಈ ಮಾರ್ಗ ನಿಲ್ಲುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ.

— ಮೇಲಿನವರು ರೈಲಿನ ಮೋಹದಲ್ಲಿ ಬಸ್ಸನ್ನೇ ಮರೆತಿದ್ದಾರೆ! ಕೆಂಪು ಬಣ್ಣದ್ದು ಸರ್ಕಾರಿ ಬಸ್ಸು, ಉಳಿದವು ಖಾಸಗಿ. ಟಿಕೆಟ್ ಬಹಳ ಅಗ್ಗ, ಚಿಲ್ಲರೆ ಇಟ್ಟುಕೊಳ್ಳಿ. ಖಾಸಗಿಯವರ ಓಟಕ್ಕೂ ಹಾಡಿನ ಅಬ್ಬರಕ್ಕೂ ಗಟ್ಟಿ ಗುಂಡಿಗೆ ಬೇಕು. ಮುಂದಿನ ಖಾಲಿ ಸೀಟು ಕಂಡಿತೆಂದು ಕೂತುಬಿಟ್ಟಿದ್ದೆ. ಮುಂದಿನ ನಿಲ್ದಾಣದಲ್ಲಿ ಬೌದ್ಧ ಭಿಕ್ಷುವೊಬ್ಬರು ಹತ್ತಿದರು, ಇಡೀ ಬಸ್ಸು ನನ್ನತ್ತ ತಿರುಗಿತು. ಅದು ಧರ್ಮಗುರುಗಳಿಗೆ ಮೀಸಲು. ಆದರೆ ಮಂಡಿನೋವಿನವರಿಗೆ ದೂರದ ಬಸ್ ಪ್ರಯಾಣ ನಾನೂ ಹೇಳಲಾರೆ.

— ಆಟೋಗೆ ಅಲ್ಲಿ ಎಲ್ಲರೂ ಟುಕ್ ಟುಕ್ ಎನ್ನುತ್ತಾರೆ. ಕೊಲಂಬೊದಲ್ಲಿ ಪಿಕ್‌ಮೀ ಆ್ಯಪ್‌ನಲ್ಲಿ ಕರೆಸಿದರೆ ಚೌಕಾಸಿ ತಪ್ಪುತ್ತದೆ. ಚಿಕ್ಕ ಊರುಗಳಲ್ಲಿ ಹತ್ತುವ ಮೊದಲೇ ದರ ಮಾತಾಡಿ. ಸ್ಕೂಟರ್ ಬಾಡಿಗೆಗೆ ಪಡೆಯುವ ಯೋಚನೆಯಿದ್ದರೆ, ಭಾರತದ ಪರವಾನಗಿಯೊಂದೇ ಸಾಲದು, ಅಲ್ಲಿನ ಅನುಮತಿ ಪತ್ರವೂ ಬೇಕು.

— ಎಲ್ಲಾದಿಂದ ಗಾಲೆಗೆ ನೇರ ರೈಲು ಇಲ್ಲ. ಆ ಒಂದು ದಿನಕ್ಕೆ ಚಾಲಕನಿರುವ ಕಾರು ಮಾಡಿ. ನಮ್ಮಮ್ಮನೊಂದಿಗೆ ನಾನು ಮಾಡಿದ್ದೂ ಅದನ್ನೇ. ಗಾಲೆಯಿಂದ ಕೊಲಂಬೊಗೆ ಮತ್ತೆ ರೈಲು ಹಿಡಿಯಿರಿ, ಸಮುದ್ರದ ಕಡೆಯ, ಅಂದರೆ ಎಡಬದಿಯ ಕಿಟಕಿಯಲ್ಲಿ ಅಮ್ಮನನ್ನು ಕೂರಿಸಿ. ಹುಣ್ಣಿಮೆ ಅಲ್ಲಿ ಸರ್ಕಾರಿ ರಜೆ. ಅದರ ಹಿಂದುಮುಂದಿನ ದಿನಗಳಲ್ಲಿ ವಿಪರೀತ ನೂಕುನುಗ್ಗಲು, ಪಂಚಾಂಗ ನೋಡಿಕೊಂಡೇ ಟಿಕೆಟ್ ಮಾಡಿಸಿ.