ಮೂಟೆ ಸಮೇತ 21 ಕಿಲೋ

(ಕೋಲಾರದ ಹಳೇ ಲಾ ಕಾಲೇಜು ಗೆಳೆಯರ ವಾಟ್ಸಾಪ್ ಗುಂಪು)

ರಮೇಶ: ಫಾರ್ವರ್ಡ್ ಬಂದಿದೆ ನೋಡಿ. “ಗಾಂಜಾ ಕೇಸಿಗೆ ಇನ್ನು ಜಾಮೀನೇ ಇಲ್ಲ, ಹೊಸ ಕಾನೂನು. ಎಲ್ಲ ಪೋಷಕರಿಗೂ ತಲುಪಿಸಿ.”

ನಾಗರತ್ನ: ದಯವಿಟ್ಟು ಮುಂದಕ್ಕೆ ಕಳಿಸಬೇಡ ಕಣೋ. ಎನ್‌ಡಿಪಿಎಸ್ (ಮಾದಕವಸ್ತು ಕಾಯಿದೆ) ಸೆಕ್ಷನ್ 37ರಲ್ಲಿ ಜಾಮೀನಿಗೆ ಬಿಗಿ ಬಂದಿದ್ದು 1989ರ ತಿದ್ದುಪಡಿಯಲ್ಲಿ. 2001ರಿಂದ ಅದು ವಾಣಿಜ್ಯ ಪ್ರಮಾಣಕ್ಕೆ, ಜೊತೆಗೆ 19, 24, 27ಎ ಸೆಕ್ಷನ್‌ಗಳಿಗೆ ಮಾತ್ರ. ಗಾಂಜಾ ಆದರೆ 20 ಕಿಲೋ ದಾಟಿರಬೇಕು. 1 ಕಿಲೋಗಿಂತ ಕಡಿಮೆ ಇದ್ದರೆ ಸಣ್ಣ ಪ್ರಮಾಣ. ನಡುವಿನದಕ್ಕೆ ಬೇರೆ ನಾನ್‌ಬೇಲಬಲ್ ಕೇಸಿನ ಹಾಗೇ ವಾದ ಮಾಡಬಹುದು.

ಶ್ರೀನಿವಾಸ: ಆ 20 ಕಿಲೋ ಗಾಂಜಾಗೆ ಮಾತ್ರ ಅಂತಾನೂ ಬರಿ ನಾಗರತ್ನ. ಎಂಡಿಎಂಎ ಅನ್ನೋ ಸಿಂಥೆಟಿಕ್ ಡ್ರಗ್ಗಿಗೆ 10 ಗ್ರಾಂ, ಹೆರಾಯಿನ್‌ಗೆ 250 ಗ್ರಾಂ. ಪುಡಿಗೆ ಬೇರೆ ಏನೋ ಬೆರೆಸಿದ್ದರೆ ಬೆರಕೆಯ ತೂಕವೂ ಲೆಕ್ಕಕ್ಕೆ ಬರುತ್ತೆ, 2020ರ ಹೀರಾ ಸಿಂಗ್ ತೀರ್ಪು. ಮಿತಿ ದಾಟಿತು ಅಂದಮೇಲೆ ಪಿಪಿ (ಸರ್ಕಾರಿ ವಕೀಲರು) ಆಕ್ಷೇಪಣೆ ಹಾಕ್ತಾರೆ. ಆಗ ಜಡ್ಜಿಗೆ ಎರಡು ವಿಷಯ ಮನವರಿಕೆ ಆಗಬೇಕು: ಆರೋಪಿ ತಪ್ಪಿತಸ್ಥ ಅಲ್ಲ ಅಂತ ನಂಬೋಕೆ ಸಕಾರಣ ಇದೆ, ಹೊರಗೆ ಬಂದರೆ ಮತ್ತೆ ಅಪರಾಧ ಮಾಡಲ್ಲ. ಒಂದಿದ್ದು ಒಂದಿಲ್ಲ ಅಂದರೆ ಆಗಲ್ಲ. ಇಷ್ಟು ಬಿಗಿ ಬೇಕೇ ಬೇಕು. ಸಾಗಿಸೋ ಜಾಲಕ್ಕೆ ಒಬ್ಬ ಹೊರಗೆ ಬಂದರೆ ಸಾಕು, ಬೇರೆ ಗಾಡಿ, ಬೇರೆ ಸಿಮ್ಮು, ಅದೇ ದಾರಿ.

ನಾಗರತ್ನ: ಬಿಗಿ ಇರಲಿ, ಆದರೆ ಅದು ನಿಂತಿರೋದು ತಕ್ಕಡಿ ಮೇಲೆ. ಬಂಗಾರಪೇಟೆ ಸ್ಟೇಷನ್ನಲ್ಲಿ ಒಂದು ಗೋಣಿಚೀಲ ಸಿಕ್ಕಿತು ಅಂದುಕೋ. ಮಹಜರಲ್ಲಿ (ಜಪ್ತಿ ಮಾಡುವಾಗ ಬರೆಯೋ ದಾಖಲೆ) “ಚೀಲ ಸಮೇತ 21 ಕಿಲೋ” ಅಂತ ಬರೆದಿದ್ದಾರೆ. ಚೀಲ, ಒಳಗಿನ ಪ್ಲಾಸ್ಟಿಕ್, ಸುತ್ತಿದ ಟೇಪು ತೆಗೆದರೆ ಎಷ್ಟು? ಕಾಯಿದೆ ಪ್ರಕಾರ ಗಾಂಜಾ ಅಂದರೆ ಹೂವು, ಕಾಯಿ ಬಿಟ್ಟ ತುದಿ. ತುದಿ ಜೊತೆ ಇಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಹಸಿ ಗಿಡ ಬೇರು ಸಮೇತ ಕಿತ್ತು ತೂಗಿ 24 ಕಿಲೋ ಅಂತ ಬರೆದರೆ ಅದರಲ್ಲಿ ತುದಿ ಎಷ್ಟು, ಕಾಂಡ ಎಷ್ಟು ಅಂತ ಹೇಳೋರು ಯಾರು? ಆ ಒಂದು ಸಾಲಿನ ಮೇಲೆ 10 ವರ್ಷ ಜೈಲು ಮೇಲ್ಮಿತಿ ಇರೋ ಕೇಸು, 10ರಿಂದ ಶುರುವಾಗಿ 20 ವರ್ಷಕ್ಕೆ ಹೋಗೋ ಕೇಸಾಗುತ್ತೆ.

ಮಂಜುನಾಥ: ಮೇಡಂ, ಸ್ಯಾಂಪಲ್ಲನ್ನ ಸ್ಥಳದಲ್ಲೇ ತೆಗೆದಿದ್ದರೆ? ಸೆಕ್ಷನ್ 52ಎ ಪ್ರಕಾರ ಮ್ಯಾಜಿಸ್ಟ್ರೇಟ್ ಎದುರಿಗಲ್ವಾ ತೆಗೀಬೇಕು?

ನಾಗರತ್ನ: ಹೌದಪ್ಪ. 2022ರ ನಿಯಮದಲ್ಲೂ ಹಾಗೇ ಇದೆ. ಗಾಂಜಾಗೆ ಕನಿಷ್ಠ 24 ಗ್ರಾಂ, ಎರಡು ಪ್ರತಿ.

ಶ್ರೀನಿವಾಸ: ಆದರೆ ಅದೊಂದನ್ನೇ ಹಿಡಕೊಂಡು ಜಾಮೀನು ಕೇಳಬೇಡ ಮಂಜು. 52ಎ ಲೋಪ ಒಂದೇ ಜಾಮೀನಿಗೆ ಸಾಕಾಗಲ್ಲ ಅಂತ 2024ರಲ್ಲಿ ಕಾಶಿಫ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸೆಕ್ಷನ್ 50 ಕೂಡ ಹಾಗೇ ಅರ್ಧಂಬರ್ಧ ಓದ್ತಾರೆ. ಗೆಜೆಟೆಡ್ ಆಫೀಸರ್ ಮುಂದೆ ಶೋಧ ಆಗೋ ಹಕ್ಕಿದೆ ಅಂತ ಹೇಳಬೇಕಾದ್ದು ಮೈ ತಪಾಸಣೆಗೆ. ಕೈಲಿದ್ದ ಬ್ಯಾಗಿಗೆ, ಗಾಡಿ ಡಿಕ್ಕಿಗೆ ಅಲ್ಲ.

ನಾಗರತ್ನ: ಅದು ಒಪ್ಪಿದೆ. ನನ್ನ ತಕರಾರು ವಿಚಾರಣೆ ಎಳೆದಾಡೋದರ ಮೇಲೆ. ಪಂಚರು (ಮಹಜರಿನ ಸಾಕ್ಷಿಗಳು) ಬರಲ್ಲ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಲ್ಯಾಬ್) ರಿಪೋರ್ಟ್ ಬರಲ್ಲ, ವಾಯಿದೆ ಮೇಲೆ ವಾಯಿದೆ. ಅಷ್ಟು ದಿನ ಒಳಗಿದ್ದು ಕೊನೆಗೆ ಖುಲಾಸೆಯಾದರೆ ಆ ವರ್ಷಗಳನ್ನ ಯಾರು ತಂದುಕೊಡ್ತಾರೆ? 2023ರಲ್ಲಿ ಮೊಹಮ್ಮದ್ ಮುಸ್ಲಿಂ ಕೇಸಲ್ಲಿ 7 ವರ್ಷ ದಾಟಿ ಒಳಗಿದ್ದವನಿಗೆ ಜಾಮೀನು ಕೊಟ್ಟಿದ್ದು ಇದಕ್ಕೇ. ವಿಚಾರಣೆ ವಿಪರೀತ ತಡವಾದರೆ 37 ಅಡ್ಡ ಬರಲ್ಲ.

ಶ್ರೀನಿವಾಸ: ಮೋಹಿತ್ ಅಗರ್ವಾಲ್ ಕೇಸು, 2022. ಎಷ್ಟು ದಿನ ಒಳಗಿದ್ದ ಅನ್ನೋದೊಂದೇ ಸಾಕಾಗಲ್ಲ ಅಂತಾನೂ ಅದೇ ಕೋರ್ಟೇ ಹೇಳಿದೆ. ವಿಚಾರಣೆ ಬೇಗ ಮುಗಿಸೋಣ ಅನ್ನು, ಕೈ ಜೋಡಿಸ್ತೀನಿ. ಬಾಗಿಲು ಸಡಿಲ ಮಾಡೋಣ ಅನ್ನಬೇಡ.

ರಮೇಶ: 180 ದಿನ ಆದರೆ ತಾನಾಗೇ ಬಿಡ್ತಾರೆ ಅಂತಾರಲ್ಲ?

ನಾಗರತ್ನ: ತಾನಾಗೇ ಅಲ್ಲ ರಮೇಶ, ಅಲ್ಲೇ ಎಲ್ಲರೂ ಎಡವೋದು. ವಾಣಿಜ್ಯ ಪ್ರಮಾಣದ ಕೇಸಲ್ಲಿ 180 ದಿನದೊಳಗೆ ಚಾರ್ಜ್‌ಶೀಟ್ ಬರದಿದ್ದರೆ ಡಿಫಾಲ್ಟ್ ಬೇಲ್ (ಗಡುವು ತಪ್ಪಿದ್ದಕ್ಕೆ ಸಿಗೋ ಜಾಮೀನು) ಹಕ್ಕು ಹುಟ್ಟುತ್ತೆ, ಆದರೆ ಅರ್ಜಿ ಹಾಕಿ ಕೇಳಬೇಕು. ನಾಳೆ ಹಾಕೋಣ ಅಂತ ಕೂತು, ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ ಹಕ್ಕು ಹೋಯ್ತು. ತನಿಖೆ ಎಲ್ಲಿಗೆ ಬಂದಿದೆ, ಇನ್ನೂ ಯಾಕೆ ಒಳಗಿಡಬೇಕು ಅಂತ ಪಿಪಿ ವರದಿ ಕೊಟ್ಟರೆ ಕೋರ್ಟು ಒಂದು ವರ್ಷದವರೆಗೂ ವಿಸ್ತರಿಸಬಹುದು.

ಶ್ರೀನಿವಾಸ: ಆ ವರದಿ ಬಂದ ದಿನ ಆರೋಪಿ ಹಾಜರಿರಬೇಕು, ವಿಸ್ತರಣೆ ಕೇಳಿದ್ದಾರೆ ಅಂತ ಅವನಿಗೆ ತಿಳಿಸಬೇಕು. ಇದನ್ನ ನಮ್ಮ ಪ್ರಾಸಿಕ್ಯೂಷನ್ ಕಡೆಯವರೂ ಮರೀತಾರೆ. ಮಂಜು, ನೀನು ರಿಮ್ಯಾಂಡ್ ಶೀಟಿನ (ಕೋರ್ಟು ಕಸ್ಟಡಿಗೆ ಒಪ್ಪಿಸಿದ ದಾಖಲೆ) ಮೊದಲ ತಾರೀಕಿನಿಂದ ದಿನ ಎಣಿಸು, ಅರೆಸ್ಟ್ ಮಾಡಿದ ದಿನದಿಂದ ಅಲ್ಲ.