ಹಾಲು ತಗೊಂಡರೂ ಫೋನ್ ನಂಬರ್ ಯಾಕೆ ಕೊಡಬೇಕು?

ಬನಶಂಕರಿ_ಡೆವ್ ಕೇಳಿದ್ದು:

ಬಹಳ ದಿನದಿಂದ ತಲೆ ತಿನ್ನುತ್ತಿರುವ ವಿಷಯ, ಇಲ್ಲಿ ಕೇಳಿಬಿಡುತ್ತೇನೆ. ಸೂಪರ್‌ಮಾರ್ಕೆಟ್‌ನಲ್ಲಿ ಒಂದು ಪ್ಯಾಕೆಟ್ ಹಾಲು, ಒಂದು ಕಟ್ಟು ಕೊತ್ತಂಬರಿ ಸೊಪ್ಪು ತಗೊಂಡರೂ ಬಿಲ್ ಹಾಕುವವರು ತಲೆ ಎತ್ತುವ ಮೊದಲೇ "ನಂಬರ್ ಹೇಳಿ ಸರ್" ಅನ್ನುತ್ತಾರೆ. ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಐಸ್‌ಕ್ರೀಮ್ ಪಾರ್ಲರ್, ಎಲ್ಲ ಕಡೆ ಇದೇ ಕಥೆ. ಕೆಲವು ಹೋಟೆಲುಗಳಲ್ಲಿ ಮೆನು ನೋಡಬೇಕಾದರೂ ಕ್ಯೂಆರ್ ಸ್ಕ್ಯಾನ್ ಮಾಡಿ, ನಂಬರ್ ಹಾಕಿ, ಓಟಿಪಿ ಬರುವವರೆಗೆ ಕಾಯಬೇಕು. ದೋಸೆಗೆ ಎಷ್ಟು ರೂಪಾಯಿ ಅಂತ ತಿಳಿಯಲು ಓಟಿಪಿ ಯಾಕೆ ಬೇಕು, ಹೇಳಿ? ಇನ್ನು ಸ್ನೇಹಿತರ ಅಪಾರ್ಟ್‌ಮೆಂಟಿಗೆ ಹೋದರೆ ಗೇಟಿನಲ್ಲೇ ಹೆಸರು, ನಂಬರ್, ಗಾಡಿ ನಂಬರ್, ಫೋಟೋ ಎಲ್ಲ ಒಂದು ಆ್ಯಪ್‌ಗೆ ಹಾಕಿಸಿಕೊಳ್ಳುತ್ತಾರೆ.

"ಕೊಡಲ್ಲ" ಅಂದರೆ ಕೌಂಟರಿನ ಹುಡುಗಿ ಪಾಪ ಗಾಬರಿಯಾಗುತ್ತಾಳೆ. "ಸಿಸ್ಟಮ್ ತಗೊಳ್ಳಲ್ಲ ಸರ್" ಅನ್ನುತ್ತಾಳೆ. ಹಿಂದೆ ಕ್ಯೂನಲ್ಲಿ ನಿಂತವರೆಲ್ಲ ನನ್ನನ್ನೇ ನೋಡುತ್ತಾರೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಇರುವುದು ಆ "ಸಿಸ್ಟಮ್" ಮೇಲೆ. ನಾನು ಸಾಫ್ಟ್‌ವೇರ್ ಬರೆದು ಸಂಸಾರ ನಡೆಸುವವನು. ಯಾವ ಸಿಸ್ಟಮ್ಮೂ ತಾನಾಗಿ ಹಟ ಮಾಡುವುದಿಲ್ಲ. ಈ ಕಾಲಂ ಖಾಲಿ ಇದ್ದರೆ ಬಿಲ್ ಮುಂದಕ್ಕೆ ಹೋಗಬಾರದು ಅಂತ ಯಾವುದೋ ಮೀಟಿಂಗ್‌ನಲ್ಲಿ ಯಾರೋ ಹೇಳಿರುತ್ತಾರೆ, ನಮ್ಮಂಥವರೇ ಯಾರೋ ಅದನ್ನು ಬರೆದಿರುತ್ತಾರೆ. ಯಾಕೆ ಬೇಕು ಅಂತ ಕೇಳಿದರೆ "ಇರಲಿ, ಮುಂದೆ ಉಪಯೋಗಕ್ಕೆ ಬರುತ್ತೆ" ಅನ್ನುತ್ತಾರೆ. ಏನು ಉಪಯೋಗ ಅನ್ನುವುದು ಆ ಹೊತ್ತಿಗೆ ಅವರಿಗೂ ಗೊತ್ತಿರುವುದಿಲ್ಲ.

ಇಮೇಲ್ ಆದರೆ ಎಷ್ಟು ಬೇಕಾದರೂ ಮಾಡಿಕೊಳ್ಳಬಹುದು. ಫೋನ್ ನಂಬರ್ ಹಾಗಲ್ಲ. ಬ್ಯಾಂಕು, ಯುಪಿಐ, ಆಧಾರ್, ಗ್ಯಾಸ್ ಬುಕಿಂಗ್, ಮಕ್ಕಳ ಶಾಲೆ, ಎಲ್ಲಕ್ಕೂ ಒಂದೇ ನಂಬರ್. ಬೇರೆ ಬೇರೆ ಪಟ್ಟಿಗಳನ್ನು ಒಂದಕ್ಕೊಂದು ಹೊಂದಿಸಬೇಕು ಅನ್ನುವವರಿಗೆ ಇದಕ್ಕಿಂತ ಅನುಕೂಲದ ಕೊಂಡಿ ಬೇರೆ ಇಲ್ಲ. ನಾನು ಯಾವ ಮಾತ್ರೆ ನುಂಗುತ್ತೇನೆ, ಎಷ್ಟು ಹೊತ್ತಿಗೆ ಯಾರ ಮನೆಗೆ ಹೋದೆ, ತಿಂಗಳ ಕೊನೆಯಲ್ಲಿ ಎಷ್ಟು ಖರ್ಚು ಮಾಡುತ್ತೇನೆ, ಎಲ್ಲ ಆ ಹತ್ತು ಅಂಕಿಗೇ ಬಂದು ಸೇರುತ್ತದೆ. ಆ ನಂಬರ್ ಕೊನೆವರೆಗೂ ನಮ್ಮದೇ ಆಗಿ ಉಳಿಯುತ್ತದೆ ಅಂತಲೂ ಇಲ್ಲ. ನಾವು ಬಿಟ್ಟ ನಂಬರನ್ನು 90 ದಿನ ಕಳೆದ ಮೇಲೆ ಬೇರೆಯವರಿಗೆ ಕೊಡಬಹುದು. ಇದರಿಂದ ದುಡ್ಡು ಬೇರೆಯವರಿಗೆ ಹೋಗಬಾರದು ಅಂತಲೇ ಯುಪಿಐ ನಡೆಸುವ ಸಂಸ್ಥೆ ಎನ್‌ಪಿಸಿಐ 2025ರ ಏಪ್ರಿಲ್‌ನಿಂದ ಬ್ಯಾಂಕುಗಳೂ ಯುಪಿಐ ಆ್ಯಪ್‌ಗಳೂ ವಾರಕ್ಕೊಮ್ಮೆಯಾದರೂ ತಮ್ಮ ನಂಬರ್ ಪಟ್ಟಿ ಸರಿಪಡಿಸಿಕೊಳ್ಳಬೇಕು ಅಂತ ಮಾಡಿದೆ. ಐಸ್‌ಕ್ರೀಮ್ ಅಂಗಡಿಯ ಪಟ್ಟಿಯನ್ನು ಯಾರು ಸರಿಪಡಿಸುತ್ತಾರೆ?

ಹಾಗಾಗಿ ಕೇಳುತ್ತಿದ್ದೇನೆ. ಕೊಡಲ್ಲ ಅನ್ನಲು ನಮಗೆ ಕಾನೂನಿನ ಬೆಂಬಲ ಇದೆಯಾ? ನೀವೆಲ್ಲ ಏನು ಮಾಡುತ್ತೀರಿ? ಸುಳ್ಳು ನಂಬರ್ ಹೇಳಿ ಅನ್ನಬೇಡಿ. ಬಾಯಿಗೆ ಬಂದ ಹತ್ತು ಅಂಕಿ ಹೇಳಿದರೆ ಅದು ಯಾರದ್ದೋ ನಿಜವಾದ ನಂಬರೇ ಆಗಿರಬಹುದು, ನಮ್ಮ ಕಿರಿಕಿರಿ ಅವರಿಗೆ ದಾಟುತ್ತೆ ಅಷ್ಟೆ.

ಹಾಸನ_ಮೆಡಿಕಲ್ಸ್:

ಕೌಂಟರಿನ ಈ ಕಡೆಯಿಂದ ಹೇಳುತ್ತೇನೆ, ನಮ್ಮದು ಸಣ್ಣ ಔಷಧಿ ಅಂಗಡಿ. ನಂಬರ್ ಕೇಳುವ ಆಸೆ ನನಗೇನೂ ಇರಲಿಲ್ಲ. ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಸಿದಾಗ ಆ ಕಾಲಂ ಅದರಲ್ಲೇ ಇತ್ತು, ತುಂಬದೆ ಇದ್ದರೆ ಪ್ರಿಂಟ್ ಬರುತ್ತಿರಲಿಲ್ಲ. ಸಪೋರ್ಟ್‌ನವರಿಗೆ ಫೋನ್ ಮಾಡಿದರೆ "ಎಲ್ಲರೂ ಹಾಕ್ತಾರೆ, ನೀವೂ ಹಾಕಿ" ಅಂದರು. ಈಗ ಗಿರಾಕಿ ಬೇಡ ಅಂದರೆ ನಮ್ಮ ಅಂಗಡಿ ನಂಬರನ್ನೇ ಹಾಕುತ್ತೇನೆ.

ಕೆಲವರು "ಸರ್ಕಾರದವರು ಕೇಳ್ತಾರೆ, ಅದಕ್ಕೇ ಬೇಕು" ಅಂತ ಗಿರಾಕಿಗೆ ಹೇಳುತ್ತಾರೆ. ಅದು ಸರಿಯಲ್ಲ. ಶೆಡ್ಯೂಲ್ ಎಚ್1 ಅಂತ ಇದೆ, ಕೆಲವು ಆ್ಯಂಟಿಬಯೋಟಿಕ್, ಟಿಬಿ ಔಷಧಿ, ನಿದ್ದೆ ಮಾತ್ರೆ ಥರದ್ದು. ಅವುಗಳಿಗೆ ಬೇರೆ ರಿಜಿಸ್ಟರ್ ಇಡಬೇಕು. ಅದರಲ್ಲಿ ಚೀಟಿ ಬರೆದ ಡಾಕ್ಟರ ಹೆಸರು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟೆವು ಅನ್ನುವುದು ಇರಬೇಕು, ಮೂರು ವರ್ಷ ಇಟ್ಟುಕೊಂಡಿರಬೇಕು. ಫೋನ್ ನಂಬರ್ ಆ ಪಟ್ಟಿಯಲ್ಲೇ ಇಲ್ಲ. ಜ್ವರದ ಮಾತ್ರೆಗೆ ಅಂತೂ ಏನೂ ಬೇಡ.

ಇನ್ನೊಂದು ಮಾತು. ವಯಸ್ಸಾದವರು ಕೆಲವರು ತಾವಾಗೇ ನಂಬರ್ ಬರೆಸಿ ಹೋಗುತ್ತಾರೆ. ಬಿಪಿ, ಶುಗರ್ ಮಾತ್ರೆ ಮುಗಿಯುವ ಹೊತ್ತಿಗೆ ನಾವು ಒಂದು ಫೋನ್ ಮಾಡಲಿ ಅಂತ. ಅಂಥವರಿಗೆ ಅದರಿಂದ ನಿಜವಾಗಿ ಅನುಕೂಲ ಇದೆ. ಕೇಳಿ ಪಡೆಯುವುದಕ್ಕೂ ಕಿತ್ತುಕೊಳ್ಳುವುದಕ್ಕೂ ವ್ಯತ್ಯಾಸ ಇದೆ ಅಲ್ವಾ.

ಕಾಯ್ದೆ_ಓದುವವಳು:

ಕಾನೂನಿನ ಬೆಂಬಲ ಇದೆಯಾ ಅಂತ ಕೇಳಿದ್ದೀರಿ. ಇದೆ, ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿಯೇ ಇದೆ. 2023ರ ಮೇ ತಿಂಗಳಲ್ಲೇ ಕೇಂದ್ರದ ಗ್ರಾಹಕ ವ್ಯವಹಾರಗಳ ಸಚಿವಾಲಯ ಅಂಗಡಿಯವರಿಗೆ ಸೂಚನೆ ಕೊಟ್ಟಿದೆ. ನಂಬರ್ ಕೊಡದಿದ್ದರೆ ಮಾಲು ಕೊಡಲ್ಲ, ಬಿಲ್ ಹಾಕಲ್ಲ ಅನ್ನುವುದು ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ತಪ್ಪು ವ್ಯಾಪಾರ ಪದ್ಧತಿ ಅಂತ. ಕೌಂಟರಿನಲ್ಲಿ ಜಗಳ ಆಡುವ ಅಗತ್ಯ ಇಲ್ಲ. ಮ್ಯಾನೇಜರನ್ನು ಕರೆಸಿ ಇಷ್ಟು ಹೇಳಿ, ಸಾಕು. ಒಪ್ಪದಿದ್ದರೆ 1915ಕ್ಕೆ ದೂರು ಕೊಡಬಹುದು, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಆಮೇಲೆ 2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಬಂತು. ಹೆಸರು ಉದ್ದ, ಆದರೆ ಒಳಗೆ ಉದಾಹರಣೆಗಳು ಬಹಳ ಸರಳವಾಗಿವೆ. ಒಂದರಲ್ಲಿ ಔಷಧಿ ಅಂಗಡಿಯೇ ಬರುತ್ತದೆ. ಗಿರಾಕಿ ತಾನಾಗಿ ನಂಬರ್ ಕೊಟ್ಟು ರಸೀದಿ ಕಳಿಸಿ ಅಂದರೆ, ಅಂಗಡಿಯವರು ಅದನ್ನು ರಸೀದಿ ಕಳಿಸಲು ಬಳಸಬಹುದು. ಮುಂದಿನ ವಾರ ಆಫರ್ ಮೆಸೇಜ್ ಕಳಿಸಲು ಅಲ್ಲ. ಇನ್ನೊಂದರಲ್ಲಿ ಡಾಕ್ಟರ್ ಸಲಹೆ ಕೊಡುವ ಆ್ಯಪ್ ನಮ್ಮ ಫೋನಿನ ಕಾಂಟ್ಯಾಕ್ಟ್ ಪಟ್ಟಿ ಕೇಳುತ್ತದೆ. ಆ ಕೆಲಸಕ್ಕೆ ಪಟ್ಟಿ ಬೇಕಿಲ್ಲ, ಹಾಗಾಗಿ ನಾವು ಒಪ್ಪಿಗೆ ಒತ್ತಿದರೂ ಅದು ಪಟ್ಟಿಗೆ ಅನ್ವಯಿಸುವುದಿಲ್ಲ. ಎಷ್ಟು ಒಳ್ಳೆಯ ಮಾತು ನೋಡಿ! ನನಗೆ ತುಂಬ ಇಷ್ಟವಾದದ್ದು ಭಾಷೆಯ ವಿಚಾರ. ಯಾವ ಮಾಹಿತಿ ಯಾಕೆ ತಗೊಳ್ಳುತ್ತೇವೆ ಅನ್ನುವ ನೋಟಿಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ನಮಗೆ ಇರಬೇಕು. ಅಂದರೆ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು.

ನಿಯಮಗಳು 2025ರ ನವೆಂಬರ್‌ನಲ್ಲಿ ಹೊರಬಂದವು. ಕಂಪನಿಗಳ ಮೇಲಿನ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು ಸಮಯ ಕೊಟ್ಟಿದ್ದಾರೆ. ದಂಡ 250 ಕೋಟಿ ರೂಪಾಯಿವರೆಗೆ. ಆದರೆ ಆ ದಂಡ ಸರ್ಕಾರದ ಖಜಾನೆಗೆ ಹೋಗುತ್ತದೆ, ಮಾಹಿತಿ ಸೋರಿಕೆಯಾಗಿ ತೊಂದರೆ ಅನುಭವಿಸಿದವರಿಗೆ ಸಿಗುವುದಿಲ್ಲ. ಇದು ನನಗೆ ಒಪ್ಪಿಗೆ ಇಲ್ಲ. ಸರ್ಕಾರ ತನ್ನ ಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ದಾರಿಯನ್ನೂ ಇಟ್ಟುಕೊಂಡಿದೆ. ಇದೇ ಕಾಯ್ದೆಯಿಂದ ಆರ್‌ಟಿಐನ ಒಂದು ಮುಖ್ಯ ಕಲಂ ಬದಲಾಗಿದೆ. ಅಧಿಕಾರಿಗಳ ಬಗ್ಗೆ ಏನು ಕೇಳಿದರೂ "ವೈಯಕ್ತಿಕ ಮಾಹಿತಿ" ಅಂತ ತಳ್ಳಿಹಾಕುವುದು ಈಗ ಸುಲಭ. ನಮ್ಮ ಗುಟ್ಟು ಕಾಪಾಡುತ್ತೇವೆ ಅಂತ ಬಂದ ಕಾಯ್ದೆ ಅವರ ಗುಟ್ಟನ್ನು ಮೊದಲು ಕಾಪಾಡಿದೆ. ಇದನ್ನು ನಾವು ಗಟ್ಟಿಯಾಗಿ ಹೇಳಬೇಕು, ಯಾವ ಪಕ್ಷಕ್ಕೆ ಓಟು ಹಾಕುವವರಾದರೂ ಸರಿ.

ಇದೆಲ್ಲ ಶುರುವಾಗಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರಿಂದ ಅನ್ನುವುದನ್ನು ಮರೆಯಬಾರದು. 2012ರಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಅಂದರು. ಮರುವರ್ಷದ ಆಧಾರ್ ತೀರ್ಪಿನಲ್ಲಿ ಸಿಮ್‌ಗೂ ಬ್ಯಾಂಕ್ ಖಾತೆಗೂ ಆಧಾರ್ ಕಡ್ಡಾಯ ಮಾಡಿದ್ದು ಬಿದ್ದುಹೋಯಿತು.

ಜಯನಗರ_4:

ನನಗೆ ಇದು ಅಷ್ಟು ದೊಡ್ಡ ವಿಷಯ ಅನ್ನಿಸುವುದಿಲ್ಲ. ನಮ್ಮ ನಂಬರ್ ಈಗಾಗಲೇ ನೂರು ಕಡೆ ಇದೆ, ಇನ್ನೊಂದು ಕಡೆ ಹೋದರೆ ಏನಾಯಿತು? ಅಮ್ಮನ ಔಷಧಿಗೆ ನಂಬರ್ ಹೇಳಿದರೆ ಪಾಯಿಂಟ್ಸ್ ಸಿಗುತ್ತದೆ, ತಿಂಗಳಿಗೆ ಸ್ವಲ್ಪ ದುಡ್ಡು ಉಳಿಯುತ್ತದೆ. ಬಿಲ್ ಕಳೆದುಹೋದರೂ ತಗೊಂಡಿದ್ದನ್ನು ವಾಪಸ್ ಕೊಡಬಹುದು. ಎಲ್ಲರ ಸಂಬಳವೂ ಐಟಿಯವರಷ್ಟು ಇರುವುದಿಲ್ಲ.

ಬನಶಂಕರಿ_ಡೆವ್:

@ಜಯನಗರ_4, ನೀವು ಹೇಳುವುದರಲ್ಲಿ ಸತ್ಯ ಇದೆ. ರಿಯಾಯಿತಿ ಬೇಕಾದವರು ನಂಬರ್ ಕೊಡಲಿ, ಅದು ಅವರ ಇಷ್ಟ. ನನ್ನ ತಕರಾರು ಬೇಡ ಅನ್ನುವವರಿಗೆ ದಾರಿಯೇ ಇಲ್ಲದಿರುವುದರ ಬಗ್ಗೆ. ಈಗಾಗಲೇ ನೂರು ಕಡೆ ಇದೆ ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಬರೀ ನಂಬರ್ ಇದ್ದರೆ ಮೋಸಗಾರನಿಗೆ ಹೆಚ್ಚೇನೂ ಸಿಗುವುದಿಲ್ಲ. ನಂಬರ್ ಜೊತೆ ಹೆಸರು, ಏರಿಯಾ, ಹೋದ ವಾರ ಏನು ತರಿಸಿದರು ಅನ್ನುವುದು ಸೇರಿದಾಗ ಅವನ ಮಾತು ನಂಬುವ ಹಾಗಾಗುತ್ತದೆ. "ಅಮ್ಮಾ, ನೀವು ತರಿಸಿದ ಔಷಧಿ ಪಾರ್ಸಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ" ಅಂತ ಫೋನ್ ಬಂದರೆ ನಿಮ್ಮ ತಾಯಿ ನಂಬುತ್ತಾರಾ ಇಲ್ಲವಾ, ಯೋಚನೆ ಮಾಡಿ. ಪೊಲೀಸರ ಸೋಗಿನಲ್ಲಿ ಫೋನ್ ಮಾಡಿ ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ದುಡ್ಡು ಕೀಳುವವರೂ ಹೀಗೆಯೇ ಶುರು ಮಾಡುತ್ತಾರೆ. ಅಂಥದ್ದೇನಾದರೂ ಆದರೆ ತಡ ಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೇಗ ಹೇಳಿದಷ್ಟೂ ಹಣ ತಡೆಯುವ ಸಾಧ್ಯತೆ ಜಾಸ್ತಿ.

ಮಾರಾಟದ ಕರೆಗಳಿಗೆ 1909 ಇದೆ. ಅಲ್ಲಿ ಡಿಎನ್‌ಡಿ, ಅಂದರೆ ಜಾಹೀರಾತಿನ ಕರೆ ಬೇಡ ಅಂತ ಹಾಕಿಸಿ, ದೂರಸಂಪರ್ಕ ನಿಯಂತ್ರಕ ಟ್ರಾಯ್‌ನ ಡಿಎನ್‌ಡಿ ಆ್ಯಪ್‌ನಲ್ಲಿ ದೂರು ಕೊಡಿ. ನಿಯಮದ ಪ್ರಕಾರ ಜಾಹೀರಾತಿನ ಕರೆಗಳು 140ರಿಂದ ಶುರುವಾಗುವ ನಂಬರಿನಿಂದ ಬರಬೇಕು. ಮಾಮೂಲಿ ಹತ್ತು ಅಂಕಿಯ ನಂಬರಿನಿಂದ ಲೋನ್ ಬೇಕಾ, ಸೈಟ್ ಬೇಕಾ ಅಂತ ಕೇಳಿದರೆ ಅದೇ ತಪ್ಪು. 2025ರ ಫೆಬ್ರವರಿಯ ತಿದ್ದುಪಡಿ ಆದಮೇಲೆ ಏಳು ದಿನದೊಳಗೆ ದೂರು ಕೊಡಬಹುದು, ಹತ್ತು ದಿನದಲ್ಲಿ ಒಬ್ಬರ ಮೇಲೆ ಐದು ದೂರು ಬಂದರೆ ಕ್ರಮ ಶುರುವಾಗಬೇಕು. ಸುಮ್ನೆ ಕಟ್ ಮಾಡಿ ಬ್ಲಾಕ್ ಮಾಡಿದರೆ ಆ ಲೆಕ್ಕಕ್ಕೆ ನಮ್ಮದು ಸೇರುವುದೇ ಇಲ್ಲ. ಅದಕ್ಕೆ ಬೇಜಾರಾದರೂ ದೂರು ಕೊಡಿ ಅಂತ ಎಲ್ಲರಿಗೂ ಹೇಳುತ್ತೇನೆ.

ವೈಟ್‌ಫೀಲ್ಡ್_ಸಿ_ಬ್ಲಾಕ್:

ಗೇಟ್ ಆ್ಯಪ್ ಬಗ್ಗೆ ಬರೆದಿದ್ದೀರಿ, ನಾನು ನಮ್ಮ ಅಪಾರ್ಟ್‌ಮೆಂಟ್ ಕಮಿಟಿಯಲ್ಲಿ ಇದ್ದೇನೆ. ಆ್ಯಪ್ ಬರುವ ಮುಂಚೆ ಏನಿತ್ತು ಅಂತಲೂ ನೋಡಬೇಕು. ಗೇಟಿನಲ್ಲಿ ಒಂದು ಪುಸ್ತಕ ತೆರೆದೇ ಬಿದ್ದಿರುತ್ತಿತ್ತು. ಯಾರು ಬಂದರೂ ಹಿಂದಿನವರ ಹೆಸರು, ನಂಬರ್, ಯಾವ ಫ್ಲ್ಯಾಟ್ ಅಂತ ಓದಬಹುದಿತ್ತು. ಅದರಿಂದ ಹೆಣ್ಣುಮಕ್ಕಳ ನಂಬರ್ ನೋಡಿಕೊಂಡು ಮೆಸೇಜ್ ಮಾಡಿದ್ದೂ ಇದೆ. ಆ ಪುಸ್ತಕಕ್ಕೆ ಹೋಲಿಸಿದರೆ ಆ್ಯಪ್ ವಾಸಿ.

ಆದರೆ ನನಗೆ ನೋವಾಗುವುದು ಮನೆಕೆಲಸದವರ ವಿಷಯದಲ್ಲಿ. ನಮ್ಮ ಅತಿಥಿಗಳ ಫೋಟೋ ತೆಗೆದರೆ ನಾವು ಗಲಾಟೆ ಮಾಡುತ್ತೇವೆ. ದಿನಾ ಬೆಳಿಗ್ಗೆ ಬಂದು ನಾಲ್ಕೈದು ಮನೆ ಪಾತ್ರೆ ತೊಳೆಯುವ ಹೆಂಗಸಿನ ಫೋಟೋ, ನಂಬರ್, ಯಾವ ಯಾವ ಮನೆಯಲ್ಲಿ ಕೆಲಸ, ಎಷ್ಟು ಗಂಟೆಗೆ ಬಂದಳು, ಎಷ್ಟು ಗಂಟೆಗೆ ಹೋದಳು ಎಲ್ಲವೂ ಎಲ್ಲ ನಿವಾಸಿಗಳಿಗೆ ಕಾಣುತ್ತದೆ. ಸ್ಟಾರ್ ಕೂಡ ಕೊಡಬಹುದು. ಯಾರೋ ಒಬ್ಬರು ಕೋಪದಲ್ಲಿ ಒಂದು ಸ್ಟಾರ್ ಒತ್ತಿದರೆ ಆಕೆಗೆ ಬೇರೆ ಮನೆ ಸಿಗುವುದು ಕಷ್ಟ. ಯಾಕೆ ಅಂತ ಆಕೆಗೆ ತಿಳಿಯುವುದೂ ಇಲ್ಲ, ಆ ಆ್ಯಪ್ ಆಕೆಯ ಫೋನಿನಲ್ಲಿ ಇರುವುದಿಲ್ಲವಲ್ಲ. ಒಪ್ಪಿಗೆ ಇದೆಯಾ ಅಂತ ಆಕೆಯನ್ನು ಯಾರೂ ಕೇಳಿಲ್ಲ. ಕೇಳಿದರೂ ಬೇಡ ಅಂದರೆ ಗೇಟಿನ ಒಳಗೆ ಬಿಡುವುದಿಲ್ಲ, ಅಲ್ಲಿಗೆ ಅದು ಒಪ್ಪಿಗೆ ಹೇಗಾಗುತ್ತೆ?

ಹೋದ ಸಲದ ಕಮಿಟಿ ಸಭೆಯಲ್ಲಿ ಇದನ್ನು ಎತ್ತಿದೆ. ಕೆಲವರು "ಸೆಕ್ಯುರಿಟಿ ಮುಖ್ಯ" ಅಂದರು. ಕೊನೆಗೆ ಸ್ಟಾರ್ ಕೊಡುವುದನ್ನು ನಿಲ್ಲಿಸಿದೆವು. ಕೆಲಸದವರು ಬಂದದ್ದು ಹೋದದ್ದು ಅವರು ಕೆಲಸ ಮಾಡುವ ಮನೆಯವರಿಗೆ ಮಾತ್ರ ಕಾಣಬೇಕು ಅಂತಲೂ ಆಯಿತು. ಹಳೆ ದಾಖಲೆ ಅಳಿಸಿ ಅಂದಿದ್ದಕ್ಕೆ ಆ್ಯಪ್‌ನವರು ಇನ್ನೂ ಉತ್ತರ ಕೊಟ್ಟಿಲ್ಲ. ಬಿಡುವುದಿಲ್ಲ, ಮತ್ತೆ ಬರೆಯುತ್ತೇನೆ.

ಬನಶಂಕರಿ_ಡೆವ್:

@ವೈಟ್‌ಫೀಲ್ಡ್_ಸಿ_ಬ್ಲಾಕ್, ಇದನ್ನು ಬರೆದಿದ್ದಕ್ಕೆ ತುಂಬ ಥ್ಯಾಂಕ್ಸ್. ನಾನು ನನ್ನ ಕಿರಿಕಿರಿ ಹೇಳಿಕೊಂಡೆ, ನೀವು ಹೇಳಿದ್ದು ಅದಕ್ಕಿಂತ ದೊಡ್ಡದು. ಅಳಿಸುವ ವಿಷಯದಲ್ಲಿ "ತಾಂತ್ರಿಕವಾಗಿ ಆಗಲ್ಲ" ಅಂದರೆ ನಂಬಬೇಡಿ. ಇಷ್ಟು ದಿನ ಆದಮೇಲೆ ದಾಖಲೆ ತಾನಾಗಿ ಅಳಿಸಿಹೋಗಲಿ ಅಂತ ಬರೆಯುವುದು ಕಷ್ಟದ ಕೆಲಸವೇ ಅಲ್ಲ. ಬ್ಯಾಕಪ್‌ಗಳಿಂದ ಹೋಗಲು ಸ್ವಲ್ಪ ಸಮಯ ಹಿಡಿಯಬಹುದು, ಅಷ್ಟೆ. ದಾಖಲೆ ಎಷ್ಟು ದಿನ ಇರುತ್ತದೆ, ಯಾರ ಸರ್ವರ್‌ನಲ್ಲಿ, ಬೇರೆ ಯಾರಿಗಾದರೂ ಕೊಡುತ್ತೀರಾ ಅಂತ ಲಿಖಿತವಾಗಿ ಕೇಳಿ.

ಇಲ್ಲಿ ಇರುವ ಸಾಫ್ಟ್‌ವೇರ್ ಜನಕ್ಕೂ ಒಂದು ಮಾತು. ಮುಂದಿನ ಸಲ ಫಾರ್ಮ್ ಮಾಡುವಾಗ ನಂಬರ್ ಕಾಲಂ ಕಡ್ಡಾಯ ಅಂತ ಯಾರಾದರೂ ಹೇಳಿದರೆ, ಯಾವ ಕೆಲಸಕ್ಕೆ ಅಂತ ಟಿಕೆಟ್‌ನಲ್ಲೇ ಬರೆಸಿಕೊಳ್ಳಿ. ಉತ್ತರ ಇಲ್ಲದಿದ್ದರೆ ಕಡ್ಡಾಯ ತೆಗೆಯಿರಿ. ನಮ್ಮ ಟೀಮ್‌ನಲ್ಲಿ ಹೀಗೇ ಮಾಡುತ್ತೇವೆ, ಯಾರ ವ್ಯಾಪಾರವೂ ನಿಂತಿಲ್ಲ.

ಹಾಸನ_ಮೆಡಿಕಲ್ಸ್:

@ಕಾಯ್ದೆ_ಓದುವವಳು, ಕೌಂಟರ್ ಮೇಲೆ ಅಂಟಿಸಲು ಕನ್ನಡದಲ್ಲಿ ಎರಡು ಸಾಲು ಬರೆದುಕೊಡಿ ಮೇಡಂ. ಕಷ್ಟದ ಪದ ಬೇಡ, ಹಳ್ಳಿಯಿಂದ ಬರುವವರೂ ಓದಬೇಕು.

ಕಾಯ್ದೆ_ಓದುವವಳು:

"ಫೋನ್ ನಂಬರ್ ಕೊಡುವುದು ನಿಮ್ಮ ಇಷ್ಟ. ಕೊಡದಿದ್ದರೂ ಔಷಧಿ, ಬಿಲ್ ಎರಡೂ ಸಿಗುತ್ತವೆ. ಕೊಟ್ಟರೆ ಬಿಲ್ ಕಳಿಸಲು ಮಾತ್ರ ಬಳಸುತ್ತೇವೆ. ಬೇಡ ಅನ್ನಿಸಿದಾಗ ಹೇಳಿ, ಅಳಿಸುತ್ತೇವೆ." ಎರಡು ಸಾಲು ಮೀರಿತು, ಆದರೆ ಯಾವುದನ್ನೂ ಬಿಡಬೇಡಿ. ಮಾತ್ರೆ ಮುಗಿದಾಗ ಫೋನ್ ಮಾಡುವುದಾದರೆ ಅದನ್ನು ಬೇರೆಯಾಗಿ ಕೇಳಿ, ಒಪ್ಪಿದವರಿಗೆ ಮಾತ್ರ ಮಾಡಿ.

ಬನಶಂಕರಿ_ಡೆವ್:

@ಹಾಸನ_ಮೆಡಿಕಲ್ಸ್, ನಿಮ್ಮ ಸಾಫ್ಟ್‌ವೇರ್ ಯಾವುದು ಅಂತ ಮೆಸೇಜ್ ಮಾಡಿ. ಸೆಟ್ಟಿಂಗ್‌ನಲ್ಲಿ ಆ ಕಾಲಂ ಕಡ್ಡಾಯ ಅಂತ ಟಿಕ್ ಆಗಿದ್ದರೆ ತೆಗೆಯಬಹುದು. ಭಾನುವಾರ ಫೋನಿನಲ್ಲೇ ಕೂತು ನೋಡೋಣ.